ಶಾಮಾ ಹಾಡಿದ್ದಲ್ಲ

ಅಘನಾಶಿನಿ ಕಣಿವೆಯ ಅಂಚಿನಲ್ಲಿ ನನ್ನ ಸೋದರಮಾವನ ಅಡಿಕೆ ತೋಟವಿದೆ. ಎಲ್ಲೂ ಅಣೆಕಟ್ಟೆಗೆ ಸಿಗದೆ ಕಡಲು ಸೇರುವ ಹೊಳೆ ಅದು. ಸಿಂಗಳೀಕಗಳಿಗಾಗಿ ಇಲ್ಲಿನ ಕಾಡನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಚೈತ್ರ ಬಂತೆಂದರೆ ಬೆಳಕು ಹರಿಯುವ ಮೊದಲೇ ಕುಟ್ರು ಹಕ್ಕಿಗಳು ಶುರುಹಚ್ಚಿಕೊಳ್ಳುತ್ತವೆ. ಬಿಸಿಲೇರಿದ ಮೇಲೆ ಜೀರುಂಡೆಗಳ ಎದುರು ಪಕ್ಕದವರ ಮಾತೂ ಕೇಳುವುದಿಲ್ಲ. ಇವೆರಡರ ನಡುವಿನ ಹೊತ್ತನ್ನು ಹಿಡಿಯಬೇಕೆಂದು ರೆಕಾರ್ಡರ್ ಹೊತ್ತು ಹೋಗಿದ್ದೆ.

ಹೋದದ್ದು ಕಣಿವೆಗಾಗಿ, ಮನಸ್ಸು ಸಿಕ್ಕಿಬಿದ್ದದ್ದು ಶಾಮಾ ಎಂಬ ಒಂದೇ ಹಕ್ಕಿಗೆ. ನಮ್ಮ ಮಡಿವಾಳ ಹಕ್ಕಿಯ ಕಾಡಿನ ನೆಂಟ. ಉದ್ದ ಬಾಲ, ಕೆಂಗಂದು ಹೊಟ್ಟೆ. ನಮಗೆ ತಿಳಿದಿರುವ ಹಕ್ಕಿ ಧ್ವನಿಮುದ್ರಣಗಳಲ್ಲಿ ಎಲ್ಲಕ್ಕಿಂತ ಹಳೆಯದು ಇದರದ್ದೇ. 1889ರಲ್ಲಿ ಜರ್ಮನಿಯ ಲುಡ್ವಿಗ್ ಕೋಖ್ ಎಂಬ ಹುಡುಗ ಎಡಿಸನ್ ಯಂತ್ರದಲ್ಲಿ ಅದನ್ನು ಮುದ್ರಿಸಿಕೊಂಡಿದ್ದ. ಅದೇ ಹಾಡು ನನ್ನ ಹೆಸರಿನಲ್ಲೂ ಇರಲಿ ಎಂಬ ಆಸೆ ಹತ್ತಿತು.

ಹಕ್ಕಿ ಬಿದಿರು ಮೆಳೆಯಾಚೆ ಹಾಡುತ್ತಿತ್ತು. ಮೈಕಿಗೆ ಸಿಗುತ್ತಿದ್ದದ್ದು ಹೊಳೆಯ ಸದ್ದೇ ಹೆಚ್ಚು. ಕಾಯುವ ತಾಳ್ಮೆ ಮುಗಿದು, ಫೋನಿನಲ್ಲಿದ್ದ ಬೇರೊಂದು ಶಾಮಾದ ಹಾಡನ್ನು ಜೋರಾಗಿ ಹಾಕಿದೆ. ಕ್ಷಣದಲ್ಲಿ ಗಂಡು ಹಕ್ಕಿ ತಲೆಯ ಮೇಲಿನ ಕೊಂಬೆಗೇ ಬಂದು ಕೂತಿತು. ಕೊಕ್ಕಿನಲ್ಲಿ ಹಸಿರು ಹುಳ. ಬಾಯಿ ತೆರೆದಾಗ ಹುಳ ತರಗೆಲೆಯ ಮೇಲೆ ಬಿತ್ತು. ಅದನ್ನು ನಾನು ನೋಡಿದೆ. ನೋಡಿಯೂ ಮತ್ತೆ ಹಾಡು ಹಾಕಿದೆ. ಬಾಲ ಮೇಲಕ್ಕೆ ಚಿಮ್ಮಿಸುತ್ತ, ಕೊಂಬೆಯಿಂದ ಕೊಂಬೆಗೆ ಹಾರುತ್ತ, ಅದು ಕಾಣದ ಎದುರಾಳಿಯನ್ನು ಹುಡುಕುತ್ತಲೇ ಇತ್ತು. ಹುಳ ಬಿದ್ದಲ್ಲೇ ಇತ್ತು. ಎಲ್ಲೋ ಪೊಟರೆಯಲ್ಲಿ ಮರಿಗಳಿರಬೇಕು ಎಂಬ ಯೋಚನೆ ಬಂದರೂ ನನ್ನ ಕಣ್ಣು ರೆಕಾರ್ಡರಿನ ಮೇಲಿತ್ತು.

ರಾತ್ರಿ ಜಗಲಿಯಲ್ಲಿ ಮಾವನಿಗೆ ಕೇಳಿಸಿದೆ. ಕವಳ ಮೆಲ್ಲುತ್ತ ಪೂರ್ತಿ ಕೇಳಿದರು. "ಇದು ಹಾಡಿದ್ದಲ್ದೋ ಮಾರಾಯ, ಬೈದಿದ್ದು" ಎಂದರು. ಮತ್ತೆ ಕೇಳಿದೆ. ಹಾಡಿನ ನಡುನಡುವೆ ಟಕ್ ಟಕ್ ಎಂಬ ಒರಟು ಸದ್ದು. ದಿನವಿಡೀ ಹೆಡ್‌ಫೋನ್ ಹಾಕಿಕೊಂಡಿದ್ದ ನನಗೆ ಕೇಳದ್ದು ತೋಟದಲ್ಲಿ ಸೊಪ್ಪು ಹೊರುವವರಿಗೆ ಕೇಳಿತ್ತು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಕೋಖ್ ಮುದ್ರಿಸಿದ್ದು ಸಾಕಿದ ಹಕ್ಕಿಯನ್ನು. ಅವನ ಎದುರು ಪಂಜರವಾದರೂ ಕಣ್ಣಿಗೆ ಕಾಣುವಂತಿತ್ತು. ನಾನು ಸ್ವತಂತ್ರ ಹಕ್ಕಿಯನ್ನು ಅದರ ಮರಿಗಳ ಹೊತ್ತಿನಲ್ಲೇ ಕಟ್ಟಿಹಾಕಿ, ಆ ಮುದ್ರಣಕ್ಕೆ ಕಾಡಿನ ದನಿ ಎಂದು ಹೆಸರಿಟ್ಟಿದ್ದೆ. ಗೂಡು ಕಟ್ಟುವ ಕಾಲದಲ್ಲಿ ಹೀಗೆ ಧ್ವನಿ ಹಾಕಿ ಹಕ್ಕಿಯನ್ನು ಕರೆಯಬಾರದೆಂದು ಹಕ್ಕಿಪ್ರಿಯರು ಎಷ್ಟೋ ಕಾಲದಿಂದ ಹೇಳುತ್ತಿದ್ದಾರೆ. ನನಗೂ ಗೊತ್ತಿತ್ತು.

ಈಗ ರೆಕಾರ್ಡರನ್ನು ಮರಕ್ಕೆ ಕಟ್ಟಿ ಮನೆಗೆ ಬಂದುಬಿಡುತ್ತೇನೆ. ಅಡಿಕೆ ಹಾಳೆ ಕಳಚಿ ದೊಪ್ಪನೆ ಬೀಳುವುದು, ಪಂಪ್‌ಸೆಟ್ಟು, ದೂರದ ಬೈಕು, ಎಲ್ಲವೂ ಅದರಲ್ಲಿ ಬರುತ್ತವೆ. ಶಾಮಾ ಒಮ್ಮೊಮ್ಮೆ, ತೀರಾ ಮೆಲ್ಲಗೆ. ನನ್ನ ಆ ಮೊದಲಿನ ಮುದ್ರಣ ಝೆನೋ-ಕ್ಯಾಂಟೋ ಎಂಬ ಹಕ್ಕಿದನಿಗಳ ಸಂಗ್ರಹದಲ್ಲಿದೆ. ಧ್ವನಿ ಕೇಳಿಸಿ ಹಕ್ಕಿಯನ್ನು ಕರೆದಿರಾ ಎಂದು ಅಲ್ಲೊಂದು ಪ್ರಶ್ನೆಯಿರುತ್ತದೆ. ಮೊದಲು 'ಇಲ್ಲ' ಎಂದು ತುಂಬಿದ್ದೆ. ತಿದ್ದಿ 'ಹೌದು' ಎಂದು ಬರೆದಿದ್ದೇನೆ.