ಊರಿಂದ ಏನು ತಂದಿರಿ?

ಗೋಕಾಕದವರು ಕರದಂಟು ತಿನ್ನುವುದಿಲ್ಲ, ಒಯ್ಯುತ್ತಾರೆ. ಬೆಂಗಳೂರಿನಲ್ಲಿ ಈ ಮಾತು ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮ ಮನೆಗಳಲ್ಲಿ ಸದಾ ಒಂದು ಡಬ್ಬಿ ತುಂಬಿಟ್ಟಿರುತ್ತದೆ, ನಾವು ಹೋಗುತ್ತ ಬರುತ್ತ ಒಂದೊಂದು ತುಂಡು ಬಾಯಿಗೆ ಎಸೆದುಕೊಳ್ಳುತ್ತಿರುತ್ತೇವೆ ಎಂದು ಅವರ ಎಣಿಕೆ. ನಾನು ಊರಲ್ಲಿ ಇದ್ದಷ್ಟು ಕಾಲ ನನ್ನ ರೊಕ್ಕ ಕೊಟ್ಟು ನನಗಾಗಿ ಕರದಂಟು ಕೊಂಡದ್ದಿಲ್ಲ. ಅದು ಬೀಗರಿಗೆ, ಪುಣೆಯ ಕಾಕಾಗೆ, ಕೆಲಸ ಆಗಬೇಕಾದ ಕಡೆಯ ಸಾಹೇಬರಿಗೆ. ಊರು ಬಿಟ್ಟ ಮೇಲೆ ಮಾತ್ರ ನಾನೂ ಗಿರಾಕಿಯಾದೆ. ಬಸ್‌ಸ್ಟ್ಯಾಂಡಿನ ಸುತ್ತ ಅಷ್ಟೊಂದು ಕರದಂಟಿನ ಅಂಗಡಿಗಳು ಯಾಕಿವೆ ಅಂತ ಆಗ ತಿಳಿಯಿತು. ಅವು ಬರುವವರಿಗಲ್ಲ, ಹೊರಟವರಿಗೆ.

ಮನೆಯಲ್ಲಿ ಕಟ್ಟುತ್ತಿದ್ದದ್ದು ಅಂಟಿನುಂಡಿ, ಅದೂ ಯಾರಾದರೂ ಹಡೆದಾಗ. ಅವ್ವ ಅಂಟನ್ನು ತುಪ್ಪದಲ್ಲಿ ಬಿಟ್ಟರೆ ಕಾಳು ಕಾಳಾಗಿದ್ದದ್ದು ಅರಳಿ ಬೆಳ್ಳಗಾಗುತ್ತಿತ್ತು. ಉತ್ತತ್ತಿ ಕುಟ್ಟುವುದು, ಒಣಕೊಬ್ಬರಿ ಹೆರೆಯುವುದು ನಮ್ಮ ಪಾಲಿಗೆ. ಬೆಲ್ಲದ ಪಾಕ ಮಾತ್ರ ಅವ್ವ ಯಾರ ಕೈಗೂ ಬಿಡುತ್ತಿರಲಿಲ್ಲ. ಅಕ್ಕನ ಬಾಣಂತನದಲ್ಲಿ ಕಟ್ಟಿದ ಉಂಡಿಗಳಲ್ಲಿ ಅರ್ಧಕ್ಕರ್ಧ ನನ್ನ ಹೊಟ್ಟೆ ಸೇರಿದವು. "ಹಡದಾಕಿ ಅಕಿ, ಸೊಂಟ ಗಟ್ಟಿ ಆಗಾಕತ್ತಿದ್ದು ಇವಂದು" ಅಂತ ಅವ್ವ ಓಣಿಗೆಲ್ಲ ಸಾರಿದಳು. ಬಾಣಂತಿಯರು ಬಿಟ್ಟರೆ ಈ ಪದಾರ್ಥಕ್ಕೆ ಹಕ್ಕುದಾರರು ಗರಡಿಮನಿ ಪೈಲ್ವಾನರು. ಸೊಂಟದ್ದೂ ತೋಳಿನದ್ದೂ ಆಗಿದ್ದ ಈ ಕಸುವು, ಗೋಡಂಬಿ, ಬದಾಮಿ, ಅಂಜೂರ, ದ್ರಾಕ್ಷಿಯ ಬಳಗ ಕೂಡಿಸಿಕೊಂಡು, ತಟ್ಟೆಯಲ್ಲಿ ಹರಡಿ, ಚೌಕಾಗಿ ಕೊಯ್ಸಿಕೊಂಡು, ಕರದಂಟಾಗಿ ಡಬ್ಬಿಯೊಳಗೆ ಕೂತು ಬೀಗರ ಮನೆಗೆ ಹೊರಟಿತು. ಆ ಬಳಗದಲ್ಲಿ ನಮ್ಮ ಸೀಮೆಯದು ಅಂತ ಎದೆ ತಟ್ಟಿ ಹೇಳಬಹುದಾದದ್ದು ಬೆಲ್ಲವೊಂದೇ. ಗೋಡಂಬಿ ಘಟ್ಟದ ಕೆಳಗಿನದು, ಅದೂ ಪೋರ್ಚುಗೀಸರು ತಂದದ್ದು. ಅಂಜೂರ, ಬದಾಮಿಗಳ ಊರು ಇನ್ನೂ ದೂರ. ಇಷ್ಟು ಪರದೇಶಿಗಳನ್ನು ಒಂದು ಪಾಕದಲ್ಲಿ ಹಿಡಿದು ನಿಲ್ಲಿಸಿ ನಾವು "ಗೋಕಾಕ" ಅಂತ ಮೊಹರು ಒತ್ತಿದ್ದೇವೆ. ಬಾಗಲಕೋಟೆ ಕಡೆಯ ಅಮೀನಗಡದವರೂ ಕರದಂಟಿಗೆ ತಮ್ಮ ಊರಿನ ಮೊಹರನ್ನೇ ಒತ್ತುತ್ತಾರೆ. ಯಾರದು ಮೇಲು ಎಂಬ ಜಗಳದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ.

ಅಕ್ಕನ ಆ ಬಾಣಂತನದ ಕೂಸು ಈಗ ಕೊರಿಯಾದ ಸೋಲ್ ನಗರದಲ್ಲಿ ನೌಕರಿ ಮಾಡುತ್ತದೆ. ರಜೆಗೆ ಬಂದವಳು ಎಲ್ಲರಿಗೂ ಒಂದೊಂದು ಪೊಟ್ಟಣ ಜಿನ್‌ಸೆಂಗ್ ತಂದಿದ್ದಳು. ಕೆಂಪಗಿನ ಬೇರು, ಹಬೆಯಲ್ಲಿ ಬೇಯಿಸಿ ಒಣಗಿಸಿದ್ದು. "ಏನಿದು?" ಅಂದರೆ, "ಮೈಗೆ ಕಸುವು ಬರತೈತಿ ಮಾಮಾ. ಅಲ್ಲಿ ಹೊರಗಿನವರು ಬಂದ್ರ ಎಲ್ಲಾರೂ ಇದನ್ನ ಒಯ್ತಾರ." ನಾನು ಕೂಡಲೇ ಕೇಳಿದೆ: "ಅಲ್ಲಿಯವರು ತಿಂತಾರೇನು?" ಅವಳು ಸ್ವಲ್ಪ ಯೋಚಿಸಿ, ಅವರೂ ಹೆಚ್ಚಾಗಿ ಹಬ್ಬದಾಗ ಹಿರಿಯರಿಗೆ ಕೊಡತಾರ ಅಂದಳು. ನನಗೆ ದೂರದ ಆ ಊರು ಒಮ್ಮೆಲೇ ಪಕ್ಕದ ಓಣಿಯಾಯಿತು.

ಸೋಲ್‌ನ ಪೇಟೆಗಳ ಕತೆಯನ್ನು ಅವಳು ಸೊಗಸಾಗಿ ಹೇಳುತ್ತಾಳೆ. ಮ್ಯೊಂಗ್‌ಡಾಂಗ್‌ನ ಬೀದಿ ತುಂಬ ಮುಖಕ್ಕೆ ಹಚ್ಚುವ ಕ್ರೀಮಿನ ಅಂಗಡಿಗಳು, ಇನ್ಸಾಡಾಂಗ್‌ನಲ್ಲಿ ಕಾಗದ, ಕುಂಚ, ಪಿಂಗಾಣಿ. ಎರಡೂ ಕಡೆ ಪ್ರವಾಸಿಗಳೇ ಹೆಚ್ಚು. ಆದರೆ ಅವಳಿಗೆ ಸೇರುವುದು 1905ರಲ್ಲಿ ಶುರುವಾದ ಗ್ವಾಂಗ್‌ಜಾಂಗ್ ಮಾರುಕಟ್ಟೆ. ಅರಿವೆ ಅಂಗಡಿಗಳ ನಡುವೆ ಬೆಂಚು ಹಾಕಿ ಕೂತ ಹೆಂಗಸರು ನೆನೆಸಿದ ಹೆಸರುಕಾಳನ್ನು ಕಲ್ಲಿನಲ್ಲಿ ಬೀಸಿ ಕಣ್ಣೆದುರಿಗೇ ದಪ್ಪ ದೋಸೆ ಹುಯ್ದು ಕರಿದು ಕೊಡುತ್ತಾರಂತೆ. "ಹೆಸರಬ್ಯಾಳಿ ದ್ವಾಸಿ ತಿನ್ನಾಕ ಅಷ್ಟು ದೂರ ಹೋಗಬೇಕಾಗಿತ್ತೇನು?" ಅನ್ನುವುದು ಅವ್ವನ ಪ್ರಶ್ನೆ.

ಈಗ ಪ್ರಶ್ನೆ ತಿರುಗಿ ನಮ್ಮ ಕಡೆ ಬಂತು. ಅಲ್ಲಿಯ ಗೆಳತಿಯರು ಕೇಳುತ್ತಾರೆ, ನಿಮ್ಮೂರಿಂದ ಏನು ತಂದೆ ಅಂತ. ಕರದಂಟು ಸರಿ, ಇನ್ನೇನು?

ಇನ್ನೊಂದಿತ್ತು. 1908ರ ಇಂಪೀರಿಯಲ್ ಗೆಜೆಟಿಯರ್‌ನಲ್ಲಿ ಗೋಕಾಕದ ಪೇಟೆಗೆ ಕೆಲವೇ ಸಾಲು. ಹಿಂದೆ ಇಲ್ಲಿ ನೇಯ್ಗೆ, ಬಣ್ಣ ಹಾಕುವ ಕಸುಬು ಜೋರಾಗಿತ್ತು, ಒರಟು ಕಾಗದ ತಯಾರಾಗುತ್ತದೆ, ಹಗುರ ಕಟ್ಟಿಗೆಯಿಂದಲೂ ಒಂದು ಬಗೆಯ ಮಣ್ಣಿನಿಂದಲೂ ಮಾಡಿದ ಬೊಂಬೆ ಮತ್ತು ಹಣ್ಣುಗಳ ಆಟಿಗೆಗಳು ಹೆಸರಾಗಿವೆ ಎಂಬ ತಾತ್ಪರ್ಯ. ಕರದಂಟಿನ ಸುದ್ದಿಯೇ ಇಲ್ಲ! ಅಂದರೆ ನೂರು ವರ್ಷದ ಹಿಂದೆ ಊರ ಗುರುತು ಗೊಂಬೆ. ಕಾಗದ ಹೋಯಿತು. ಮಗ್ಗದ ಸದ್ದನ್ನು ಗೋಕಾಕ ಫಾಲ್ಸಿನ ಗಿರಣಿ ನುಂಗಿತು ಅಂತ ಹಿರಿಯರು ಹೇಳುತ್ತಿದ್ದರು. ಅದು ಎಷ್ಟು ನಿಜವೋ, 1887ರಲ್ಲಿ ಧಬಧಬೆಯ ನೀರಿನ ಬಲದಿಂದಲೇ ನೂಲಿನ ಗಿರಣಿ ತಿರುಗಿದ್ದು ಮಾತ್ರ ನಿಜ. ಗೊಂಬೆ ಉಳಿದುಕೊಂಡಿತು, ಆದರೆ ಮಕ್ಕಳ ಕೈಯಿಂದ ಗಾಜಿನ ಕಪಾಟಿಗೆ ಏರಿತು. ಕೈಬೆರಳೆಣಿಕೆಯ ಮನೆತನಗಳು ಮಾಡುತ್ತವೆ. ಬಾಳೆಹಣ್ಣು, ಮಾವು, ಸೀತಾಫಲ, ಬದನೆಕಾಯಿ. ಬಾಳೆಯ ಸಿಪ್ಪೆಯ ಮೇಲಿನ ಕರಿ ಚುಕ್ಕೆ ಕೂಡ ಬಿಡುವುದಿಲ್ಲ. ಬೆಲೆ ಕೇಳಿದವರು "ನಿಜವಾದ ಹಣ್ಣೇ ಇದಕ್ಕಿಂತ ಸೋವಿ" ಅನ್ನುತ್ತಾರೆ. ಆ ಹಣ್ಣು ವಾರಕ್ಕೆ ಕೊಳೆಯುತ್ತದೆ ಅಂತ ಮಾಡುವವ ಹೇಳಬಹುದು, ಪಾಪ, ಹೇಳುವುದಿಲ್ಲ.

ನಮ್ಮ ಹುಡುಗಿ ಆ ಹಣ್ಣುಗಳನ್ನೇ ಒಯ್ದಳು. ಕೊರಿಯಾದೊಳಗೆ ಹೊರಗಿನ ಹಸಿ ಹಣ್ಣು ಸಾಮಾನ್ಯವಾಗಿ ಬಿಡುವುದಿಲ್ಲ. ವಿಮಾನ ಇಳಿದಲ್ಲಿ ಚೀಲ ಬಿಚ್ಚಿಸಿದರು. ಮಾವಿನಕಾಯಿಯನ್ನು ಅಧಿಕಾರಿ ಮೂಸಿ ನೋಡಿ, ಉಗುರಿನಿಂದ ತಟ್ಟಿ, ಪಕ್ಕದವನನ್ನು ಕರೆದು ಅವನಿಂದಲೂ ತಟ್ಟಿಸಿ, ಕೊನೆಗೆ ಇಬ್ಬರೂ ನಕ್ಕು ಬಿಟ್ಟರಂತೆ. ಗೋಕಾಕದ ಕಲಾವಿದನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ?

ಫಾಲ್ಸಿಗೆ ಬರುವ ಮಂದಿ ಬೇರೆ. ಮಳೆಗಾಲದಲ್ಲಿ ನೂರೆಪ್ಪತ್ತು ಅಡಿಯಿಂದ ಬೀಳುವ ಕೆಂಪು ನೀರು ನೋಡುತ್ತಾರೆ, ಸುಟ್ಟ ಗೋಂಜಾಳ ತೆನಿ ಕಡಿಯುತ್ತಾರೆ, ಮಿರ್ಚಿ ಭಜಿ ತಿನ್ನುತ್ತಾರೆ, ಸಂಜೆಗೆ ಗಾಡಿ ಹತ್ತುತ್ತಾರೆ. ಪೇಟೆಯವರೆಗೆ ಬರುವವರು ಕಡಿಮೆ. 2019ರ ಆಗಸ್ಟಿನಲ್ಲಿ ಮಾತ್ರ ನೀರೇ ಪೇಟೆಗೆ ಬಂದಿತ್ತು. ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿ, ತಗ್ಗಿನ ಓಣಿಗಳೆಲ್ಲ ಹೊಳೆಯಾದವು.

ಹುಕ್ಕೇರಿಗೆ ನೋಡಲೆಂದು ಹೋಗುವವರು ಇನ್ನೂ ಕಡಿಮೆ. ಆದಿಲ್‌ಶಾಹಿ ಕಾಲದ ಗುಮ್ಮಟಗಳು ಅಲ್ಲಿವೆ. ವಿಜಯಪುರದ ಗುಮ್ಮಟಕ್ಕೆ ಸಿಕ್ಕ ಮರ್ಯಾದೆ ಅವಕ್ಕೆ ಸಿಗಲಿಲ್ಲ. ಆ ತಾಲ್ಲೂಕಿನಲ್ಲಿ ಯಾರೂ ಕೈಬೀಸಿ ಕರೆಯುವ ಮೊದಲೇ ಹೊರಗಿನವರು ಹೋಗುವ ಊರು ಸಂಕೇಶ್ವರ. ಅಲ್ಲಿಯ ಮೆಣಸಿನಕಾಯಿ ಉದ್ದ, ಸಪೂರ, ಖಾರ ಮಾತ್ರ ನೇರ ನೆತ್ತಿಗೆ. ಬ್ಯಾಡಗಿ ಬಣ್ಣ ಕೊಡುತ್ತದೆ, ಸಂಕೇಶ್ವರದ್ದು ಕಣ್ಣೀರು ಕೊಡುತ್ತದೆ. ಬೇಸಿಗೆ ಬಂತೆಂದರೆ ಗಡಿಯ ಆಚೆಯ ಗಡಹಿಂಗ್ಲಜ, ಕೊಲ್ಹಾಪುರದ ಕಡೆಯವರು ವರ್ಷದ ಮಸಾಲೆಗೆ ಇದನ್ನೇ ಹುಡುಕುತ್ತಾರೆ. ಮುಂಬಯಿಯ ಲಾಲಬಾಗ್‌ನ ಮೆಣಸಿನಕಾಯಿ ಗಲ್ಲಿಯಲ್ಲಿ "ಸಂಕೇಶ್ವರಿ" ಅಂತಲೇ ರಾಶಿ ಹಾಕಿ ಮಾರುತ್ತಾರೆ. ಹಿಂದೆ ಗಿರಣಿ ಕಾರ್ಮಿಕರ ಬಡಾವಣೆಯಾಗಿದ್ದ ಆ ಕಡೆಯ ಗಲ್ಲಿಯಲ್ಲಿ ನಮ್ಮ ಸೀಮೆಯ ಊರಿನ ಹೆಸರು ಓದಿ ನಾನು ಉಬ್ಬಿ ನಿಂತಿದ್ದಾಗ ಸೀನು ಬಂದು ಅಭಿಮಾನ ಅರ್ಧಕ್ಕೇ ಮುಗಿಯಿತು. ಕರದಂಟು ತೋರಿಕೆಯ ನೆಂಟ, ಮೆಣಸಿನಕಾಯಿಗೆ ಡಬ್ಬಿಯೂ ಇಲ್ಲ, ರಿಬ್ಬನ್ನೂ ಇಲ್ಲ. ಆದರೆ ಒಲೆಯವರೆಗೆ ಹೋಗುವುದು ಅದೇ.

ಆದರೆ ಹೊರಗಿನವರಿಗೆ ಏನೇನೂ ಮಾರದ ಪೇಟೆಯೊಂದು ನೋಡಬೇಕೆಂದರೆ ಮೂಡಲಗಿಗೆ ಹೋಗಬೇಕು. ಕೆಲ ವರ್ಷಗಳ ಹಿಂದಿನವರೆಗೂ ಗೋಕಾಕ ತಾಲ್ಲೂಕಿನಲ್ಲಿದ್ದ ಊರು, ಈಗ ತಾನೇ ತಾಲ್ಲೂಕು. ಶಿವಬೋಧರಂಗ ಮಠ ಒಂದು ಹೆಸರಾದರೆ ದನದ ಸಂತೆ ಇನ್ನೊಂದು. ಹುಡುಗಿ ಕೊರಿಯಾದ ಗೆಳತಿಯರಿಗೆ ವಿಡಿಯೊ ಮಾಡಿ ಕಳಿಸಬೇಕೆಂದು ಹಟ ಹಿಡಿದದ್ದಕ್ಕೆ ಕರೆದುಕೊಂಡು ಹೋದೆ.

ಕೊಂಬು ಸುರುಳಿ ಸುತ್ತಿದ ಮುರ್ರಾ ಎಮ್ಮೆಗಳು, ಕೊಂಬು ಬೆನ್ನಿನವರೆಗೆ ಚಾಚಿದ ಪಂಢರಪುರಿ, ಬೆಳ್ಳನೆಯ ಖಿಲಾರಿ ಹೋರಿಗಳು. ಬದಿಗೆ ಹಗ್ಗ, ಮಗಡ, ಬಾರಕೋಲು, ಗಂಟಿಸರ, ಕೊಂಬಿಗೆ ಕಟ್ಟುವ ಬಣ್ಣದ ಗೊಂಡೆಗಳ ಅಂಗಡಿ. ಕೊಳ್ಳುವವ ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ: ಹಾಲಹಲ್ಲೋ, ಎರಡು ಹಲ್ಲೋ, ನಾಕೋ, ಬಾಯಿಗೂಡಿದ್ದೋ. ವಯಸ್ಸಿನ ದಾಖಲೆ ಅಷ್ಟೇ. ಆಮೇಲೆ ನಡೆಸಿ ನೋಡುತ್ತಾನೆ, ಕೆಚ್ಚಲು ಮುಟ್ಟಿ ನೋಡುತ್ತಾನೆ, ಸುಳಿ ಹುಡುಕುತ್ತಾನೆ. ಬೆಲೆಯ ಮಾತು ಮಾತ್ರ ಬಾಯಲ್ಲಿ ಆಗುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ವಸ್ತ್ರ ತೆಗೆದು ಕೈ ಮುಚ್ಚುತ್ತಾನೆ, ಅದರೊಳಗೆ ಒಬ್ಬನ ಬೆರಳು ಇನ್ನೊಬ್ಬನ ಬೆರಳನ್ನು ಹಿಡಿಯುತ್ತದೆ. ಎಷ್ಟು ಬೆರಳು ಹಿಡಿದ ಅನ್ನುವುದರ ಮೇಲೆ ಬೆಲೆ. ಮುಖದ ಮೇಲೆ ಒಂದು ಗೆರೆ ಕದಲುವುದಿಲ್ಲ. ಹೊಂದಲಿಲ್ಲವೆಂದರೆ ಮಾರುವವ ಕೈ ಕೊಡವಿ ಹೊರಡುತ್ತಾನೆ, ನಾಲ್ಕು ಹೆಜ್ಜೆ ಹೋಗುವುದರೊಳಗೆ ಯಾರೋ ತೋಳು ಹಿಡಿದು ಎಳೆದು ತರುತ್ತಾರೆ. ಅವನು ಎಳೆಸಿಕೊಳ್ಳಲೆಂದೇ ನಿಧಾನ ನಡೆದಿರುತ್ತಾನೆ. ಇಷ್ಟರ ನಡುವೆ ಸುತ್ತ ನಿಂತವರಿಗೆ ತಿಳಿಯುವುದು ವ್ಯವಹಾರ ನಡೆದಿದೆ ಎಂಬುದಷ್ಟೆ. ಸೋಲ್‌ನ ಅಂಗಡಿಗಳಲ್ಲಿ ಕ್ಯಾಲ್ಕುಲೇಟರ್ ಮೇಲೆ ಅಂಕಿ ಒತ್ತಿ ಪ್ರವಾಸಿಗೆ ತೋರಿಸುತ್ತಾರೆಂದು ಹುಡುಗಿ ಹೇಳಿದಳು. ಇಲ್ಲಿ ಅಂಕಿ ಯಾರಿಗೂ ಕಾಣಬಾರದು ಅನ್ನುವುದೇ ಕಟ್ಟುಪಾಡು.

ಅವಳು ಮೊಬೈಲ್ ಎತ್ತಿ ವಸ್ತ್ರದ ಹತ್ತಿರ ಬಗ್ಗಿದಳು, ನಾನು ಅವಳ ಹಿಂದೆ ನಿಂತು ಮಾಹಿತಿ ಒದಗಿಸುತ್ತಿದ್ದೆ. ದಲ್ಲಾಳಿ ತಲೆಯೆತ್ತಿ ನಮ್ಮಿಬ್ಬರ ಬೂಟುಗಳನ್ನು ನೋಡಿದ.

"ತಗೊಳ್ಳಾಕ ಬಂದೀರೋ, ನೋಡಾಕ ಬಂದೀರೋ?"

"ನೋಡಾಕ" ಅಂದೆ. ನಾನು ಇದೇ ಸೀಮೆಯವ ಅಂತ ಸೇರಿಸಬೇಕೆಂದಿದ್ದೆ, ಅಷ್ಟರಲ್ಲಿ ಅವನೇ ಅಂದ:

"ಹಂಗಾರ ಒಂಚೂರು ಈಚೆ ಸರೀರಿ. ತಗೊಳ್ಳಾವ್ರಿಗೆ ಎಮ್ಮಿ ಕಾಣವಲ್ದು."