ಮೊದಲ ಸವಾಲಿಗೆ ಜವಾಬು

ಐದನೇ ದಿನದ ಗಣಪತಿ. ಸಂಜೆಗೆ ಕಳಿಸುವುದಿತ್ತು. 2024ರ ಸೆಪ್ಟೆಂಬರ್ 11, ಬುಧವಾರ ಮುಂಜಾನೆ ಆರೂವರೆ. ಗುಡಗೇರಿಯ ನಮ್ಮ ಓಣಿಯ ಪೆಂಡಾಲಿನಲ್ಲಿ ರಾತ್ರಿ ಕಾವಲಿಗೆ ಮಲಗಿದ್ದ ಹುಡುಗರು ಕಂಬಳಿಯೊಳಗೆ ಇನ್ನೂ ಹೊರಳಾಡುತ್ತಿದ್ದರು. ಪಕ್ಕದ ಕಟ್ಟಿಯ ಮೇಲೆ ನಾವು ಐದಾರು ಮಂದಿ ಪ್ರಸಾದದ ಡಬ್ಬಿಗೆ ಮೊಬೈಲು ಆನಿಸಿ ಕೂತಿದ್ದೆವು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆಗ ಹಿಂದಿನ ದಿನದ ರಾತ್ರಿ ಒಂಬತ್ತು. ಅಧ್ಯಕ್ಷ ಚುನಾವಣೆಯ ಚರ್ಚೆಗೆ ಕಮಲಾ ಹ್ಯಾರಿಸ್, ಡೊನಾಲ್ಡ್ ಟ್ರಂಪ್ ಎದುರುಬದುರು ನಿಲ್ಲುವ ಹೊತ್ತು.

ಇದನ್ನು ನೋಡಬೇಕೆಂದು ಹಟ ಹಿಡಿದವನು ಟೇಲರ್ ಮಾಮಾ. ಅವನ ತಂಗಿಯ ಮಗ ಟೆಕ್ಸಾಸಿನಲ್ಲಿದ್ದಾನೆ, ಇನ್ನೂ ವೀಸಾದ ಮೇಲೆಯೇ. ಅಲ್ಲಿ ಯಾರು ಗೆದ್ದರೆ ಇಲ್ಲಿ ತಂಗಿಗೆ ನಿದ್ದೆ ಬರುತ್ತದೆ ಎಂಬ ಲೆಕ್ಕ ಅವನದು. ನಿವೃತ್ತಿಯಾದ ಮಾಸ್ತರು ಬಂದದ್ದು ಚರಿತ್ರೆಯ ಚಟಕ್ಕೆ. ದೊಡ್ಡಪ್ಪ ಹೊಲಕ್ಕೆ ಹೋಗುವ ದಾರಿಯಲ್ಲಿ ಚಾಕ್ಕೆಂದು ನಿಂತವನು ಅಲ್ಲೇ ಕೂತ. ಕಣ್ಣಿನ ಪೊರೆ ತೆಗೆಸಿ ಎಂಟು ದಿನವಾಗಿತ್ತು, ಹಸಿರು ಪಟ್ಟಿ ಕಟ್ಟಿಕೊಂಡಿದ್ದ, ಮೊಬೈಲು ನೋಡಬಾರದೆಂದು ಡಾಕ್ಟರರ ಕಟ್ಟಪ್ಪಣೆ. ಕಟ್ಟಿಯ ಒಡತಿ ಅಜ್ಜಿ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಎಲ್ಲರಿಗೂ ಮಾತು ದಾಟಿಸುವವಳು ಅಜ್ಜಿಯ ಮೊಮ್ಮಗಳು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ, ಹಬ್ಬಕ್ಕೆ ಬಂದಿದ್ದಳು. ಫಿಲಡೆಲ್ಫಿಯಾದ ಇಂಗ್ಲಿಷನ್ನು ಆ ಹುಡುಗಿ ನಮ್ಮ ಕುಂದಗೋಳ ತಾಲೂಕಿನ ಕನ್ನಡಕ್ಕೆ ತಿರುವಿದ ಚೆಂದ ಯಾವ ಚಾನೆಲ್ಲಿನಲ್ಲೂ ಸಿಗುವಂಥದ್ದಲ್ಲ.

ಶುರುವಿಗೇ ಹ್ಯಾರಿಸ್ ನಡೆದು ಟ್ರಂಪರ ಹತ್ತಿರ ಹೋದರು. ಕೈ ಚಾಚಿ ತಮ್ಮ ಹೆಸರು ಹೇಳಿದರು. ಅವರಿಬ್ಬರೂ ಮುಖಾಮುಖಿಯಾದದ್ದು ಅದೇ ಮೊದಲ ಸಲ. ಅಜ್ಜಿ ಸೊಪ್ಪು ಬಿಟ್ಟು ತಲೆಯೆತ್ತಿ, "ಮುಗೀತ್ ತಗೋ. ಮೊದಲ ಮಾತಾಡ್ಸಿದಾಕಿ ಅಕಿ. ಇನ್ನ ಅಂವ ಏನ್ ಅಂದ್ರೂ ಎರಡನೇದಾಂವ" ಎಂದಳು. ಹ್ಯಾರಿಸರ ತಾಯಿ ಶ್ಯಾಮಲಾ ಗೋಪಾಲನ್ ಮದರಾಸಿನಲ್ಲಿ ಹುಟ್ಟಿ ಹತ್ತೊಂಬತ್ತನೇ ವಯಸ್ಸಿಗೆ ಒಬ್ಬಳೇ ಅಮೆರಿಕಕ್ಕೆ ಓದಲು ಹೋದವಳು ಎಂದು ಮಾಸ್ತರು ಹೇಳಿದಾಗ ಅಜ್ಜಿ ಮೊಮ್ಮಗಳ ಕಡೆ ಒಮ್ಮೆ ನೋಡಿ ಮತ್ತೆ ಸೊಪ್ಪಿಗೆ ಕೈಹಾಕಿದಳು. ಆ ನೋಟದಲ್ಲಿ ಹೆಮ್ಮೆಯೂ ಇತ್ತು, ದಿಗಿಲೂ ಇತ್ತು.

ಮೊದಲ ಪ್ರಶ್ನೆ ಬಂತು. ಹುಡುಗಿ ತಿರುವಿದಳು: "ನಾಕ್ ವರ್ಷದ ಹಿಂದಕ್ಕಿಂತ ಮಂದಿ ಬಾಳೇವು ಈಗ ಚಲೋ ಆಗೇತೇನು ಅಂತ ಕೇಳ್ಯಾರ್ರಿ." ನಾವೆಲ್ಲ ಮುಂದಕ್ಕೆ ಬಾಗಿದೆವು. ಇಂಥ ಪ್ರಶ್ನೆ ಯಾವ ಊರಿನಲ್ಲಿ ಕೇಳಿದರೂ ಮಂದಿ ಮುಂದಕ್ಕೆ ಬಾಗುತ್ತಾರೆ. ಹ್ಯಾರಿಸ್ ತಾನು ಮಧ್ಯಮ ವರ್ಗದ ಮನೆಯಲ್ಲಿ ಬೆಳೆದದ್ದನ್ನು ಹೇಳಿದರು, ಸಣ್ಣ ಉದ್ಯೋಗ ಶುರುಮಾಡುವವರಿಗೆ 50,000 ಡಾಲರಿನ ತೆರಿಗೆ ವಿನಾಯಿತಿ ಎಂದರು, ಎಳೆಗೂಸು ಇರುವ ಕುಟುಂಬಕ್ಕೆ 6,000 ಎಂದರು. ದೊಡ್ಡಪ್ಪ ಕಾದು ಕಾದು ಕೇಳಿದ: "ಚಲೋ ಆಗೇತಂತೋ, ಇಲ್ಲಂತೋ?"

"ಅದನ್ನ ಹೇಳಲಿಲ್ಲ ದೊಡ್ಡಪ್ಪ."

"ಹಂಗಾರ ಸವಾಲು ಹಂಗ ಉಳೀತು."

ದೊಡ್ಡಪ್ಪನ ಬಾಯಲ್ಲಿ ಸವಾಲು ಎಂಬ ಮಾತು ಬಂದದ್ದೇ ತಡ, ನನ್ನ ಮನಸ್ಸು ಫಿಲಡೆಲ್ಫಿಯಾ ಬಿಟ್ಟು ನಮ್ಮ ಜಾತ್ರೆಯ ರಾತ್ರಿಗಳಿಗೆ ಹೋಯಿತು. ನಾನು ಸಣ್ಣವನಿದ್ದಾಗ ಎರಡು ಮೇಳ ಕರೆಸುತ್ತಿದ್ದರು. ಹರದೇಶಿಯವರು ಗಂಡು ಹೆಚ್ಚೆಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚೆಂದು. ದಪ್ಪಿನ ಪೆಟ್ಟು, ತುಂತುಣಿಯ ತಂತಿ, ಹಿಮ್ಮೇಳದವರ ಗೀಗೀ ಸೊಲ್ಲು, ಗ್ಯಾಸ್ ಬತ್ತಿಯ ಬೆಳಕಿಗೆ ಮುತ್ತುವ ಹುಳ. ಒಂದು ಮೇಳ ಹಾಡಿನಲ್ಲೇ ಸವಾಲು ಇಡುತ್ತಿತ್ತು. ಇನ್ನೊಂದು ಅದನ್ನು ಬಿಡಿಸಿ ತನ್ನದನ್ನು ಇಡಬೇಕು. ಒಮ್ಮೆ ನಾಗೇಶಿಯ ಹೆಣ್ಣುಮಗಳು ಕೇಳಿದ ಸವಾಲಿಗೆ ಹರದೇಶಿಯವರ ಹತ್ತಿರ ಉತ್ತರವಿರಲಿಲ್ಲ. ಅವರು ಬಲು ಇಂಪಾದ ಬೇರೊಂದು ಪದ ಎತ್ತಿಕೊಂಡರು. ದನಿ ಚೆಂದ, ತಾಳ ಚೆಂದ. ಆದರೆ ಹಿಂದೆ ಕಂಬಳಿ ಹೊದ್ದು ಕೂತಿದ್ದ ಹಿರಿಯರು ಬಿಡಲಿಲ್ಲ. "ಏ ತಮ್ಮಾ, ಮೊದಲ ಸವಾಲಿಗೆ ಜವಾಬು ಕೊಡು, ಆಮ್ಯಾಲೆ ನಿನ್ನ ಪದಾ ಹಾಡು" ಎಂದು ಒಬ್ಬರು ಕೂಗಿದರು, ಮತ್ತೊಬ್ಬರು ದನಿಗೂಡಿಸಿದರು. ಹಾಡು ನಿಂತೇ ಹೋಯಿತು. ಬೆಳಗಿನ ಜಾವ ಹರದೇಶಿಯ ಮುಖ್ಯಸ್ಥ ಎದ್ದು ಆ ತಾಯಿಗೆ ಕೈಮುಗಿದು ತನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡ. ಊರು ಅವನಿಗೂ ಅಷ್ಟೇ ಮರ್ಯಾದೆಯಿಂದ ಆಹೇರಿ ಮಾಡಿತು. ಗಂಡು ಹೆಣ್ಣು ಎದುರುಬದುರು ನಿಂತು ಸವಾಲು ಜವಾಬು ನಡೆಸುವುದು ನಮಗೆ ಹೊಸತಲ್ಲ. ಈ ವಿದ್ಯೆಯಲ್ಲಿ ಅಮೆರಿಕಕ್ಕಿಂತ ನಮ್ಮ ಬಯಲುಸೀಮೆಯ ಜಾತ್ರೆಗಳೇ ಹಳೆಯವು ಎಂದು ನಾನು ನಂಬಿದ್ದೇನೆ.

"ಅಲ್ಲಿ ಯಾರೂ ಒದರೂದಿಲ್ಲೇನು?" ದೊಡ್ಡಪ್ಪ ಕೇಳಿದ.

"ಮಂದೀನ ಇಲ್ಲ ದೊಡ್ಡಪ್ಪ. ಖಾಲಿ ಹಾಲ್‌ನಾಗ ನಿಂದರಿಸ್ಯಾರ. ಒಬ್ರು ಮಾತಾಡುಮುಂದ ಇನ್ನೊಬ್ರ ಮೈಕ್ ಬಂದ್."

ಅವನಿಗೆ ಅದು ನಂಬಿಕೆಗೇ ಬರಲಿಲ್ಲ. ಮಂದಿಯಿಲ್ಲದೆ ಸವಾಲು ಜವಾಬು ಹೇಗಾಗುತ್ತದೆ? ಮಾಸ್ತರು ಸಮಾಧಾನ ಹೇಳಿದರು: ಚಪ್ಪಾಳೆ ಹೊಡೆಯುವವರು, ಬೊಬ್ಬೆ ಹಾಕುವವರು ಬೇಡವೆಂದೇ ಆ ಏರ್ಪಾಡು, ಕೇಳುವ ಕೆಲಸ ಇಬ್ಬರು ಪತ್ರಕರ್ತರದು. ಅವರು ಬಿಡದೆ ಕೇಳಿದ್ದೂ ಉಂಟು. ಉಕ್ರೇನ್ ಯುದ್ಧ ಗೆಲ್ಲಬೇಕೆಂದು ಬಯಸುತ್ತೀರೇನು ಎಂದು ಟ್ರಂಪರನ್ನು ಎರಡು ಸಲ ಕೇಳಿದರು. ಯುದ್ಧ ನಿಲ್ಲಬೇಕು ಎಂಬಷ್ಟೇ ಉತ್ತರ ಬಂತು. ಒಂಬತ್ತು ವರ್ಷದಿಂದ ಹೇಳುತ್ತಿರುವ ಆರೋಗ್ಯ ಯೋಜನೆ ಕೈಯಲ್ಲಿದೆಯೇ, ಹೌದೋ ಅಲ್ಲವೋ ಎಂದು ಕೇಳಿದಾಗ, ಯೋಜನೆಯ ಕಲ್ಪನೆಗಳಿವೆ ಎಂದರು. ಇತ್ತ ಅಕಿಯೂ ಜಾರಿಕೊಂಡಳು, ಅತ್ತ ಅವನೂ ಜಾರಿಕೊಂಡ. ದೊಡ್ಡಪ್ಪ ಬೆರಳು ಮಡಚಿ ಉಳಿದ ಸವಾಲುಗಳನ್ನು ಎಣಿಸುತ್ತಿದ್ದ.

ನಡುವೆ ಒಹಾಯೋದ ಸ್ಪ್ರಿಂಗ್‌ಫೀಲ್ಡಿಗೆ ವಲಸೆ ಬಂದವರು ಊರವರ ನಾಯಿ ಬೆಕ್ಕು ತಿನ್ನುತ್ತಿದ್ದಾರೆ ಎಂದರು ಟ್ರಂಪ್. ಹುಡುಗಿ ಅದನ್ನು ತಿರುವಲು ಒಂದು ಗಳಿಗೆ ತಡವರಿಸಿದಳು. ಅಜ್ಜಿಯ ಕೈ ನಿಂತಿತು. "ಯಾರ್ ನೋಡ್ಯಾರ?" ಎಂದಳು. ಐವತ್ತು ವರ್ಷ ನೀರಿನ ಸರದಿಯಲ್ಲಿ ನಿಂತು ಊರ ಸುದ್ದಿ ಕೇಳಿದವಳು. ಸುದ್ದಿ ಬಂದರೆ ಅವಳ ಮೊದಲ ಪ್ರಶ್ನೆ ಅದೇ. ಅದೇ ಹೊತ್ತಿಗೆ ಅಲ್ಲಿನ ಪತ್ರಕರ್ತನೂ ಆ ಊರಿನ ಆಡಳಿತದವರನ್ನು ವಿಚಾರಿಸಿದ್ದೇವೆ, ನಂಬುವಂಥ ವರದಿ ಯಾವುದೂ ಇಲ್ಲ ಎಂದ. ಹೊಟ್ಟೆಪಾಡಿಗೆ ಊರು ಬಿಟ್ಟವರ ಮೇಲೆ ಇಂಥ ಮಾತು ಬೀಳುವುದನ್ನು ನಮ್ಮ ಕಡೆಯ ಮಂದಿ ಅರಿಯದವರೇನಲ್ಲ. ದುಡಿಯಲು ಗೋವೆಗೆ, ಮಂಗಳೂರಿಗೆ ಹೋಗಿ ಬಂದವರು ಪ್ರತಿ ಓಣಿಯಲ್ಲೂ ಇದ್ದಾರೆ. ಟೇಲರ್ ಮಾಮಾ ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಮುಗಿದ ಮೇಲೆ ಯಾರು ಗೆದ್ದರು ಎಂಬ ಮಾತು. ಅಜ್ಜಿಯ ತೀರ್ಪು ಆಗಲೇ ಆಗಿತ್ತು. ಟ್ರಂಪ್ ಮಾತಾಡುವಾಗ ಹ್ಯಾರಿಸರ ಮುಖದಲ್ಲಿ ಸುಳಿದ ಅಚ್ಚರಿ, ನಗೆ ಎಲ್ಲವನ್ನೂ ಅವಳು ಓದಿಕೊಂಡಿದ್ದಳು. ದೊಡ್ಡಪ್ಪ ಮುಖ ನೋಡಿರಲಿಲ್ಲ, ಇಂಗ್ಲಿಷ್ ಬರುತ್ತಿರಲಿಲ್ಲ. ಅವನು ದನಿಯನ್ನೇ ಹಿಡಿದು ಹೇಳಿದ: "ಆ ಗಂಡಮಗನ ದನಿ ಅರ್ಧಾ ತಾಸಿನ್ಯಾಗ ಏರಿತು ನೋಡು, ಆಮ್ಯಾಲೆ ಇಳೀಲಿಲ್ಲ. ಸಂತ್ಯಾಗ ದನಿ ಏರ್ಸಿದಾಂವ ಮಾಲು ಮಾರೂದಿಲ್ಲ." ಟ್ರಂಪರ ಸಭೆಗಳಿಂದ ಜನ ನಡುವೆಯೇ ಎದ್ದು ಹೋಗುತ್ತಾರೆಂದು ಹ್ಯಾರಿಸ್ ಕೆಣಕಿದ್ದು ಸರಿಸುಮಾರು ಆ ಹೊತ್ತಿಗೇ. ದೊಡ್ಡಪ್ಪನ ಕಿವಿ ಅದನ್ನು ಹಿಡಿದಿತ್ತು.

ಮಾಸ್ತರಿಗೆ ಇಲ್ಲಿ ದಾರಿ ಸಿಕ್ಕಿತು. 1960ರ ಸೆಪ್ಟೆಂಬರ್ 26ರಂದು ಶಿಕಾಗೋದ ಸ್ಟುಡಿಯೋದಲ್ಲಿ ಕೆನಡಿ ಮತ್ತು ನಿಕ್ಸನ್ ಮೊದಲ ಬಾರಿಗೆ ಟಿವಿಯಲ್ಲಿ ಎದುರಾದರು. ನಿಕ್ಸನ್ ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಬಂದವರು, ಮೈ ಇಳಿದಿತ್ತು, ಮುಖ ಬಿಳಿಚಿತ್ತು, ತೊಟ್ಟದ್ದು ಬೂದುಬಣ್ಣದ ಸೂಟು. ಕಪ್ಪು ಬಿಳುಪಿನ ಪರದೆಯಲ್ಲಿ ಅದು ಹಿಂದಿನ ಗೋಡೆಯೊಂದಿಗೆ ಕಲಸಿಹೋಯಿತು. ಕೆನಡಿ ಕಡುಬಣ್ಣದ ಸೂಟಿನಲ್ಲಿ ಎದ್ದು ಕಂಡರು. ಟಿವಿ ನೋಡಿದವರು ಕೆನಡಿ ಎಂದರು, ರೇಡಿಯೋ ಕೇಳಿದವರು ನಿಕ್ಸನ್ ಎಂದರು ಎಂಬ ಮಾತು ಆಮೇಲೆ ಬೆಳೆಯಿತು. ಅದಕ್ಕೆ ಆಧಾರ ತೆಳುವಾದದ್ದು, ಒಂದು ಸಣ್ಣ ಸಮೀಕ್ಷೆಯ ಮೇಲೆ ನಿಂತದ್ದು. ಆದರೂ ನಮ್ಮ ಕಟ್ಟಿಯ ಮೇಲೆ ಕಣ್ಣಿನ ತೀರ್ಪೂ ಕಿವಿಯ ತೀರ್ಪೂ ಒಂದೇ ಆಗಿದ್ದನ್ನು ನಾನು ಗುರುತಿಟ್ಟುಕೊಂಡೆ.

1976ರಲ್ಲಿ ಇದೇ ಫಿಲಡೆಲ್ಫಿಯಾದಲ್ಲಿ ಫೋರ್ಡ್ ಮತ್ತು ಕಾರ್ಟರ್ ಎದುರಾದಾಗ ಧ್ವನಿ ಕೆಟ್ಟು 27 ನಿಮಿಷ ಮಾತೇ ಹೊರಡಲಿಲ್ಲವಂತೆ. ಇಬ್ಬರೂ ತಮ್ಮ ತಮ್ಮ ಜಾಗ ಬಿಡದೆ, ಒಬ್ಬರನ್ನೊಬ್ಬರು ಮಾತಾಡಿಸದೆ ನಿಂತೇ ಇದ್ದರು. ನಮ್ಮ ಪೆಂಡಾಲಿನಲ್ಲಿ ಮೈಕ್ ಸೆಟ್ಟು ಕೆಟ್ಟರೆ ಆ ಹೊತ್ತಿಗೆ ಎರಡು ಸುತ್ತು ಚಾ ಆಗಿ, ಎದುರಾಳಿಗಳು ಒಂದೇ ಡಬ್ಬಿಯ ತಂಬಾಕು ತಿಕ್ಕಿರುತ್ತಿದ್ದರು. ಕಾರ್ಟರ್ ಜಾರ್ಜಿಯಾದ ಶೇಂಗಾ ಬೆಳೆಗಾರ ಎಂದು ಮಾಸ್ತರು ಹೇಳಿದ್ದೇ ದೊಡ್ಡಪ್ಪ ನೆಟ್ಟಗೆ ಕೂತ. "ಶೇಂಗಾ ಬೆಳ್ಯಾಂವ ಅಧ್ಯಕ್ಷ ಆಗಿದ್ನಾ?" ಆಗಿದ್ದರು. ಆದರೆ 1980ರ ಅಕ್ಟೋಬರ್ 28ರಂದು ಕ್ಲೀವ್‌ಲ್ಯಾಂಡಿನಲ್ಲಿ ರೇಗನ್ ಟಿವಿ ನೋಡುತ್ತಿದ್ದ ಜನರನ್ನೇ ಕೇಳಿದ ಒಂದು ಪ್ರಶ್ನೆ ಆ ಶೇಂಗಾ ರೈತನನ್ನು ಕೆಡವಿತು: ನಾಲ್ಕು ವರ್ಷದ ಹಿಂದಕ್ಕಿಂತ ಈಗ ಚೆನ್ನಾಗಿದ್ದೀರಾ? ಅದೇ ಪ್ರಶ್ನೆ 44 ವರ್ಷ ಬಾಳಿ ಆ ಮುಂಜಾನೆ ಮತ್ತೆ ಬಂದಿತ್ತು, ಉತ್ತರವಿಲ್ಲದೆ ಉಳಿದಿತ್ತು.

"ನಮ್ಮ ರಾಷ್ಟ್ರಪತಿಗೆ ಹಿಂಗ್ಯಾಕ ನಿಂದರಿಸೂದಿಲ್ಲ?" ಅಜ್ಜಿ ಕೇಳಿದಳು. ದ್ರೌಪದಿ ಮುರ್ಮು ಅವರನ್ನು ಅವಳು ಕಣ್ಣಾರೆ ನೋಡಿದ್ದಾಳೆ. 2022ರ ಸೆಪ್ಟೆಂಬರ್ 26ಕ್ಕೆ ಹುಬ್ಬಳ್ಳಿಯ ಜಿಮ್ಖಾನಾ ಮೈದಾನದಲ್ಲಿ ಪೌರಸನ್ಮಾನ ನಡೆದಾಗ ಮಗಳ ಜೊತೆ ಹೋಗಿದ್ದಳು. ನಮ್ಮಲ್ಲಿ ರಾಷ್ಟ್ರಪತಿಯನ್ನು ಆರಿಸುವವರು ಶಾಸಕರು, ಸಂಸದರು. ಕರ್ನಾಟಕದ ಒಬ್ಬ ಶಾಸಕರ ಮತದ ಬೆಲೆ 131. ನಮ್ಮ ಕುಂದಗೋಳದ ಪಾಲು ಅಷ್ಟು. ದೊಡ್ಡಪ್ಪನಿಗೆ 1969ರ ನೆನಪಿದೆ: ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ, ನಿಜಲಿಂಗಪ್ಪ ಪಕ್ಷದ ಅಧ್ಯಕ್ಷರು, ಸಂಜೀವ ರೆಡ್ಡಿ ಪಕ್ಷದ ಹುರಿಯಾಳು. ಆಗಸ್ಟಿನಲ್ಲಿ ಎರಡನೇ ಪ್ರಾಶಸ್ತ್ಯದ ಮತ ಎಣಿಸಿ ವಿ.ವಿ. ಗಿರಿ ಗೆದ್ದ ಸುದ್ದಿಯನ್ನು ಅವನು ಕೇಳಿದ್ದು ಪಂಚಾಯ್ತಿಯ ರೇಡಿಯೋದಲ್ಲಿ. ಸುದ್ದಿ ಬರುವಷ್ಟಕ್ಕೇ ನಮ್ಮ ಕೆಲಸ ಮುಗಿಯುತ್ತಿತ್ತು.

ರಾಷ್ಟ್ರಪತಿಯ ಮಾತು ಇರಲಿ. ನಾವೇ ಬಟನ್ ಒತ್ತಿ ಆರಿಸುವವರದೇನು? 2018ರಲ್ಲಿ ಕುಂದಗೋಳದಲ್ಲಿ ಸಿ.ಎಸ್. ಶಿವಳ್ಳಿಯವರು ಗೆದ್ದದ್ದು 634 ಮತಗಳಿಂದ. ಅವರು ತೀರಿಹೋದ ಮೇಲೆ 2019ರ ಮೇ ತಿಂಗಳ ಉಪಚುನಾವಣೆಯಲ್ಲಿ ಅವರ ಪತ್ನಿ ಕುಸುಮಾವತಿ ಗೆದ್ದದ್ದು 1,601ರಿಂದ. ಎರಡೂ ಸಲ ಎದುರಾಳಿ ಎಸ್.ಐ. ಚಿಕ್ಕನಗೌಡರ. ಒಂದು ದೊಡ್ಡ ಓಣಿಯ ಮಂದಿ ಮನಸ್ಸು ಬದಲಿಸಿದರೆ ತಿರುಗುತ್ತಿದ್ದ ಫಲಿತಾಂಶ ಅದು. ಬೆಂಗಳೂರಿನಿಂದ ದೊಡ್ಡ ದೊಡ್ಡವರು ಬಂದು ಉಳಿದರು, ಹಳ್ಳಿ ಹಳ್ಳಿ ತಿರುಗಿದರು. ಆದರೆ ಇಬ್ಬರನ್ನೂ ಒಂದೇ ವೇದಿಕೆಯಲ್ಲಿ ಕೂಡಿಸಿ, ಬೆಣ್ಣಿಹಳ್ಳ ಉಕ್ಕಿದಾಗ ಏನು ಮಾಡುತ್ತೀರಿ, ಮೆಣಸಿನಕಾಯಿ ಕೆಟ್ಟಾಗ ಏನು ಮಾಡುತ್ತೀರಿ ಎಂದು ಕೇಳುವ ಭಾಗ್ಯ ನಮಗೆ ಸಿಗಲಿಲ್ಲ. ದೇಶಕ್ಕೂ ಸಿಕ್ಕಿಲ್ಲ. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಮತ್ತು ಪತ್ರಕರ್ತ ಎನ್. ರಾಮ್ ಅವರು ಮೋದಿ ಮತ್ತು ರಾಹುಲ್ ಗಾಂಧಿ ಇಬ್ಬರಿಗೂ ಪತ್ರ ಬರೆದು ಬಹಿರಂಗ ಚರ್ಚೆಗೆ ಕರೆದರು. ರಾಹುಲ್ ಒಪ್ಪಿದರು, ಚರ್ಚೆ ನಡೆಯಲಿಲ್ಲ. ದಿಲ್ಲಿಗೆ ಕಷ್ಟವಾದರೆ ಗುಡಗೇರಿಗೆ ಕಷ್ಟವಿಲ್ಲ. ಗಣಪತಿ ಪೆಂಡಾಲು ಹಾಕುವ ಹುಡುಗರೇ ಇದ್ದಾರೆ, ಮೈಕ್ ಸೆಟ್ಟು ಇದೆ, ಹಿಂದೆ ಕಂಬಳಿ ಹೊದ್ದು ಕೂತು ಒದರುವ ಹಿರಿಯರು ಇನ್ನೂ ಕೆಲವರು ಉಳಿದಿದ್ದಾರೆ. ಮುಂದಿನ ಸಲ ಅಭ್ಯರ್ಥಿಗಳನ್ನು ಕರೆಯಲೇಬೇಕೆಂದು ನಾನು ಅವತ್ತು ಕಟ್ಟಿಯ ಮೇಲೆ ಹೇಳಿದೆ, ಈಗಲೂ ಹೇಳುತ್ತೇನೆ.

"ಕರದ್ರ ಏನ್ ಬಂತು? ಡಿಬೇಟ್ ಗೆದ್ದಾರು ಎಲೆಕ್ಷನ್ ಗೆಲ್ಲತಾರ ಅನ್ನೂದೇನ್ ಐತಿ" ಎಂದ ಟೇಲರ್ ಮಾಮಾ. ಅವನ ಮಾತು ನಿಜವಾಯಿತು. ಅವತ್ತು ಚರ್ಚೆ ನೋಡಿದವರಲ್ಲಿ ಹೆಚ್ಚಿನವರು ಹ್ಯಾರಿಸ್ ಮೇಲುಗೈ ಎಂದರು. ನವೆಂಬರ್ 5ರ ಮತದಾನದಲ್ಲಿ ಟ್ರಂಪ್ ಎಲೆಕ್ಟೋರಲ್ ಮತಗಳಲ್ಲಿ 312-226ರಿಂದ ಗೆದ್ದರು. ಹರದೇಶಿ ನಾಗೇಶಿಯಲ್ಲೂ ಸೋಲು ಗೆಲುವು ಬೆಳಗಾದ ಮೇಲೆ ಯಾರಿಗೂ ಬೇಕಿರಲಿಲ್ಲ. ರಾತ್ರಿಯಿಡೀ ಕೇಳಿದ ಸವಾಲುಗಳು ಮಾತ್ರ ಹೊಲದ ದಾರಿಯಲ್ಲಿ, ಬಾವಿಯ ಕಟ್ಟೆಯಲ್ಲಿ ತಿಂಗಳುಗಟ್ಟಲೆ ಓಡಾಡುತ್ತಿದ್ದವು. ನನಗೆ ಬೇಕಾದದ್ದು ಆ ಓಡಾಟ.

ಎಲ್ಲರೂ ಏಳುವ ಹೊತ್ತಿಗೆ ಹುಡುಗಿ, "ಅವ್ರಿಗೆ ಕೇಳಿದ್ದನ್ನ ನಿಮಗ ಕೇಳ್ತೀನಿ. ನಾಕ್ ವರ್ಷದ ಹಿಂದಕ್ಕಿಂತ ಈಗ ಚಲೋ ಅದೀರಿ?" ಎಂದಳು. ನಾಲ್ಕು ವರ್ಷದ ಹಿಂದೆ ಎಂದರೆ 2020, ಕೊರೋನಾದ ಸೆಪ್ಟೆಂಬರ್. ಸಾರ್ವಜನಿಕ ಗಣಪತಿಯ ಸಡಗರವಿಲ್ಲದ ವರ್ಷ. ಟೇಲರ್ ಮಾಮಾ ಆಗ ಬಟ್ಟೆ ಹೊಲಿಯಲು ಕೆಲಸವಿಲ್ಲದೆ ಮಾಸ್ಕ್ ಹೊಲಿದು ಹಂಚಿದ್ದ. ಈಗ ಚಲೋ ಎಂದ. ಮಾಸ್ತರು ತಮಗೆ ಪೆನ್ಶನ್ ಇದೆ, ತಮ್ಮ ಮಾತು ಹಿಡಿಯಬೇಡಿ ಎಂದರು. ಹುಡುಗಿ ಆಗ ಮಾಳಿಗೆ ಹತ್ತಿ ನೆಟ್‌ವರ್ಕ್ ಹುಡುಕಿ ಪಾಠ ಕೇಳಿದವಳು. ಅಜ್ಜಿ ಮೊಣಕಾಲು ಮುಟ್ಟಿಕೊಂಡು, "ಇದನ್ನ ಬಿಟ್ಟು ಉಳಿದದ್ದೆಲ್ಲಾ ಚಲೋ ಐತಿ" ಎಂದಳು.

ದೊಡ್ಡಪ್ಪ ಮಾತಾಡಲಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಆ ವರ್ಷ ಅವನ ಪಡಸಾಲೆಯಲ್ಲಿ ಹೆಸರಿನ ಚೀಲಗಳು ನಿಂತಿದ್ದವು. ಕೇಂದ್ರದ ಬೆಂಬಲ ಬೆಲೆ ಆಗ ಕ್ವಿಂಟಲಿಗೆ 8,682 ರೂಪಾಯಿ ಇತ್ತು, ಪೇಟೆಯಲ್ಲಿ ಕೈಗೆ ಏನು ಬರುತ್ತದೋ ಅದು ಬೇರೆ. ಅವನು ಕಣ್ಣಿನ ಪಟ್ಟಿ ಸರಿಮಾಡಿಕೊಂಡು ಎದ್ದ, ಕುಡುಗೋಲು ಹೆಗಲಿಗೆ ಹಾಕಿದ.

"ಜವಾಬು ಕೊಡು ದೊಡ್ಡಪ್ಪ" ಎಂದೆ ನಾನು.

"ಕೊಡತೀನಿ. ಹೆಸರು ಮಾರಿ ಬರಲಿ ತಡಿ."