ವಿರಾಮದ ಅಂಗಿ

ನಮ್ಮ ಕಡೆಯ ಹೆಂಗಸರಿಗೆ ಮದುವೆ ಮುಂಜಿಗಳಿಗೆ ಉಡಲು ಸೀರೆಯುಂಟು, ಪೇಟೆಗೆ ಹೋಗಲು ಚೂಡಿದಾರವುಂಟು, ಮನೆಗೆಲಸಕ್ಕೆ ನೈಟಿಯುಂಟು, ಯಾರಾದರೂ ಅಂಗಳಕ್ಕೆ ಕಾಲಿಟ್ಟರೆ ಆ ನೈಟಿಯ ಮೇಲೆ ಅವಸರದಿಂದ ಹೊದ್ದುಕೊಳ್ಳಲು ಒಂದು ಬೈರಾಸೂ ಉಂಟು. ಆದರೆ ಸುಮ್ಮನೆ ಕುಳಿತುಕೊಳ್ಳುವುದಕ್ಕೆಂದೇ ಹೊಲಿದ ಉಡುಪು ಯಾವುದಾದರೂ ಉಂಟೇ? ಅಂಥದೊಂದು ಉಡುಪು ಬಂಟ್ವಾಳದ ನನ್ನ ಮನೆಗೆ ಕೊರಿಯರ್ ಪೊಟ್ಟಣವಾಗಿ ಬಂದಿಳಿಯುವವರೆಗೆ ನಾನು ಈ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ.

ಕಳುಹಿಸಿದವಳು ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಮಗಳು. ಅಜ್ಜಿಗೆ ಎಪ್ಪತ್ತು ತುಂಬಿದ ಸಂತೋಷಕ್ಕಾಗಿ ಅದು ಉಡುಗೊರೆ. ಬಿಚ್ಚಿ ನೋಡಿದರೆ ನವಿಲಿನ ಕೊರಳಿನ ಬಣ್ಣದ ಸ್ಯಾಟಿನ್ ನಿಲುವಂಗಿ. ಅಗಲವಾದ ತೋಳುಗಳು, ಒಂದೂ ಗುಂಡಿಯಿಲ್ಲ, ಸೊಂಟಕ್ಕೆ ಅದೇ ಬಟ್ಟೆಯ ಪಟ್ಟಿ, ಬೆನ್ನ ಮೇಲೆ ಮೈ ಸುರುಳಿ ಮಾಡಿಕೊಂಡ ಒಂದು ಡ್ರ್ಯಾಗನ್. ಜಪಾನಿನ ಕಿಮೋನೋದ ಮಾದರಿಯದೆಂದು ಮಗಳು ಫೋನಿನಲ್ಲಿ ವಿವರಿಸಿದಳು.

ಕಿಮೋನೋ ಎಂದರೆ ಜಪಾನೀ ಭಾಷೆಯಲ್ಲಿ ‘ತೊಡುವ ವಸ್ತು’ ಎಂದಷ್ಟೇ ಅರ್ಥ. ಸುಮಾರು ೩೬ ಸೆಂಟಿಮೀಟರ್ ಅಗಲದ, ೧೨ ಮೀಟರಿನಷ್ಟು ಉದ್ದದ ಒಂದೇ ಥಾನನ್ನು ನೇರ ಪಟ್ಟಿಗಳಾಗಿ ಕತ್ತರಿಸಿ ಅದನ್ನು ಹೊಲಿಯುತ್ತಾರೆ. ಒಗೆಯಬೇಕಾದಾಗ ಹೊಲಿಗೆಯನ್ನೆಲ್ಲ ಬಿಚ್ಚಿ, ತೊಳೆದು, ಮತ್ತೆ ಹೊಲಿಯುವ ಪದ್ಧತಿಯೂ ಅಲ್ಲಿತ್ತು. ಅಲ್ಲಿಯ ಜನರಿಗೆ ಅದು ವಿರಾಮದ ಉಡುಪೇನೂ ಆಗಿರಲಿಲ್ಲ. ಗದ್ದೆಯಲ್ಲಿ ದುಡಿಯುವವರು ತೊಡುತ್ತಿದ್ದ ಮೋಟು ಅಂಗಿಯೂ ಅದೇ ಕುಲದ್ದು. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಜಪಾನಿನ ವ್ಯಾಪಾರಿಗಳು ಅದನ್ನು ಯುರೋಪು, ಅಮೆರಿಕಗಳ ಸ್ತ್ರೀಯರಿಗೆ ಒಪ್ಪುವಂತೆ ಹೊಲಿಸಿ ಕಳುಹಿಸತೊಡಗಿದ ಮೇಲೆ, ಅಲ್ಲಿನ ಸಿರಿವಂತರ ಮನೆಗಳಲ್ಲಿ ಅದು ಒರಗುಕುರ್ಚಿಯ ಅಂಗಿಯಾಯಿತು. ವಿರಾಮವು ಅಂಗಿಯಲ್ಲಿರಲಿಲ್ಲ, ಕೊಂಡವರ ಮನೆಯಲ್ಲಿತ್ತು.

ಮುಂದಿನ ಭಾನುವಾರ ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿ, ಪುಂಜಾಲಕಟ್ಟೆ, ಗುರುವಾಯನಕೆರೆಗಳನ್ನು ದಾಟಿ ಬೆಳ್ತಂಗಡಿಯ ಬಳಿಯ ತವರಿಗೆ ಹೋದೆ. ಅಮ್ಮ ಎಂದಿನಂತೆ ಜಗಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಮಡಿಲಲ್ಲಿ ಗೆರಸೆಯಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಹದಿನಾಲ್ಕನೆಯ ವಯಸ್ಸಿನಿಂದ ಅವಳು ಕಟ್ಟುತ್ತಿದ್ದಾಳೆ. ನಮ್ಮ ಶಾಲೆಯ ಪುಸ್ತಕ, ಅಕ್ಕನ ಮದುವೆಯ ಸೀರೆ, ಅಪ್ಪನ ಔಷಧ, ಎಲ್ಲವೂ ಆ ಗೆರಸೆಯಿಂದಲೇ ಹುಟ್ಟಿ ಬಂದವು.

“ಎಂಥದು ಇದು?” ಎಂದು ಅಂಗಿಯನ್ನು ಮುಟ್ಟಿದವಳು ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಬೆರಳ ತುದಿಗೆ ಒಂದು ಎಳೆ ಸಿಕ್ಕಿಕೊಂಡಿತ್ತು. ಸ್ಯಾಟಿನ್ ಎಂಬುದು ನೂಲಿನ ಹೆಸರಲ್ಲ, ನೇಯ್ಗೆಯ ಹೆಸರು. ಹಾಸಿನ ಎಳೆ ಹೊಕ್ಕಿನ ನಾಲ್ಕೋ ಹೆಚ್ಚೋ ಎಳೆಗಳ ಮೇಲೆ ತೇಲಿ, ಅನಂತರ ಒಮ್ಮೆ ಮಾತ್ರ ಕೆಳಗೆ ಮುಳುಗುತ್ತದೆ. ಆ ತೇಲುವಿಕೆಯಿಂದಲೇ ಅದಕ್ಕೆ ಹೊಳಪು, ಅದರಿಂದಲೇ ನುಣುಪು. ಒರಟು ಬೆರಳಿಗೆ ಅದು ಸಿಕ್ಕಿ ಹಿಂಜುವುದೂ ಅದರಿಂದಲೇ. ಐವತ್ತಾರು ವರ್ಷ ಎಲೆ, ಕತ್ತರಿ, ನೂಲುಗಳ ನಡುವೆ ಸವೆದ ಬೆರಳುಗಳು ಅವು.

ಬಲವಂತ ಮಾಡಿದ ಮೇಲೆ ನೈಟಿಯ ಮೇಲೆಯೇ ತೊಟ್ಟಳು. ಬಲಭಾಗವನ್ನು ಎಡದ ಮೇಲೆ ತಂದು ಪಟ್ಟಿ ಕಟ್ಟಿಕೊಂಡಳು. “ಹಾಗಲ್ಲಮ್ಮ, ಎಡವು ಮೇಲೆ ಬರಬೇಕು. ಜಪಾನಿನಲ್ಲಿ ಬಲವನ್ನು ಮೇಲೆ ಮಾಡುವುದು ಸತ್ತವರಿಗೆ ಮಾತ್ರ” ಎಂದೆ. ಅಮ್ಮ ನಕ್ಕಳು. “ಆಗಲಿ ಮಗಳೇ. ಸತ್ತವರಿಗಾದರೆ ನಾಳೆ ಬೀಡಿಯ ಲೆಕ್ಕ ಕೊಡಲಿಕ್ಕಿಲ್ಲವಲ್ಲ!”

ನಗುತ್ತಲೇ ಕುಳಿತು ಗೆರಸೆಯನ್ನು ಮಡಿಲಿಗೆಳೆದುಕೊಂಡಳು. ಅದು ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿ, ಹೊಗೆಸೊಪ್ಪಿನ ಪುಡಿ ಜಗಲಿಯ ಮೇಲೆಲ್ಲ ಚೆಲ್ಲಿತು. “ಇದನ್ನು ಹಾಕಿಕೊಂಡು ಕೆಲಸ ಮಾಡಲಿಕ್ಕೆ ಆಗುವುದಿಲ್ಲ” ಎಂದು ಬಿಚ್ಚಿ, ಮಡಚಿ, ಪೆಟ್ಟಿಗೆಯಲ್ಲಿಟ್ಟಳು. ಅದಕ್ಕಾಗಿಯೇ ಹೊಲಿದದ್ದು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು; ಆಡಲಿಲ್ಲ. ದಿನಕ್ಕೊಂದು ಸಾವಿರ ಬೀಡಿ ಕಟ್ಟಿದವಳಿಗೆ ವಿರಾಮದ ಪಾಠ ಹೇಳಲು ನಾನು ಯಾರು?

ಮಳೆಗಾಲ ಕಳೆದ ಮೇಲೆ ಅವಳ ಕಣ್ಣಿನ ಪೊರೆ ತೆಗೆಸಬೇಕಾಯಿತು. ಕೆಲವು ವಾರ ಬಗ್ಗಬಾರದು, ಧೂಳು ತಾಗಬಾರದು ಎಂದು ವೈದ್ಯರು ಹೇಳಿದರು. ಹೊಗೆಸೊಪ್ಪಿನಿಂದ ದೂರವಿಡಲೆಂದು ಮೂಡುಬಿದಿರೆಯ ಅಕ್ಕ ಅವಳನ್ನು ತನ್ನ ಮನೆಗೆ ಕರೆದೊಯ್ದಳು. ಪೆಟ್ಟಿಗೆಯಿಂದ ಅಂಗಿಯನ್ನೂ ಒಯ್ದಳು. ಸಿದ್ದಕಟ್ಟೆಯ ದಾರಿಯಾಗಿ ನಾನು ನೋಡಲು ಹೋದ ದಿನ ಅಮ್ಮ ಅದನ್ನು ತೊಟ್ಟು ಕಿಟಕಿಯ ಬಳಿ ಕುಳಿತಿದ್ದಳು. “ಸೆಕೆಗೆ ಇದು ಮೈಗೆ ಅಂಟುತ್ತದೆ, ಹತ್ತಿಯಂತಲ್ಲ. ಆದರೆ ಒಗೆದರೆ ಬೇಗ ಒಣಗುತ್ತದೆ” ಎಂದು ತೀರ್ಪು ಕೊಟ್ಟಳು. ಮಾತನಾಡುತ್ತಿರುವಾಗ ನೋಡಿದೆ: ಅವಳ ಬೆರಳುಗಳು ಬರಿಯ ಮಡಿಲಲ್ಲಿ ಇಲ್ಲದ ಎಲೆಯೊಂದನ್ನು ಮೆಲ್ಲನೆ ಸುರುಳಿ ಸುತ್ತುತ್ತಿದ್ದವು. ನಾನು ಮುಖ ಆಚೆ ತಿರುಗಿಸಿದೆ.

ಕಣ್ಣು ತಿಳಿಯಾದ ಮೇಲೆ ಮೂವರೂ ಸಾವಿರ ಕಂಬದ ಬಸದಿಗೆ ಹೋದೆವು. ೧೪೩೦ರಲ್ಲಿ ಕಟ್ಟಿದ ಆ ಬಸದಿಯ ಭೈರಾದೇವಿ ಮಂಟಪದ ಅಡಿಗಟ್ಟಿನಲ್ಲಿ ನಮ್ಮ ನಾಡಿನದಲ್ಲದ ಜಿರಾಫೆಯೂ ಚೀನೀ ಡ್ರ್ಯಾಗನ್ನೂ ಕೆತ್ತಲ್ಪಟ್ಟಿವೆ. ಕಡಲ ವ್ಯಾಪಾರದ ನೆನಪುಗಳಿರಬೇಕು. ಅಮ್ಮ ಬಹಳ ಹೊತ್ತು ನೋಡಿದಳು. “ನನ್ನ ಅಂಗಿಯ ಪ್ರಾಣಿ ನನಗಿಂತ ಮೊದಲೇ ಇಲ್ಲಿಗೆ ಬಂದಿದೆಯಲ್ಲ!” ಎಂದಳು. ‘ನನ್ನ ಅಂಗಿ’ ಎಂದು ಅವಳು ಹೇಳಿದ್ದು ಅದೇ ಮೊದಲು.

ಈಗ ಅವಳು ಮರಳಿ ಊರಲ್ಲಿದ್ದಾಳೆ. ಬೀಡಿ ಪೂರ್ತಿ ಬಿಟ್ಟಿಲ್ಲ. ಸಾವಿರವು ಮುನ್ನೂರಕ್ಕೆ ಇಳಿದಿದೆ. ಭಾನುವಾರ ಸಂಜೆ ಫೋನು ಮಾಡಿ, “ಏನು ಮಾಡುತ್ತಿದ್ದೀಯಮ್ಮ?” ಎಂದು ಕೇಳಿದರೆ, “ಎಂಥದೂ ಇಲ್ಲ, ಸುಮ್ಮನೆ ಕುಳಿತಿದ್ದೇನೆ” ಎನ್ನುತ್ತಾಳೆ. ಏನು ತೊಟ್ಟು ಕುಳಿತಿದ್ದೀ ಎಂದು ಮಾತ್ರ ನಾನು ಕೇಳುವುದಿಲ್ಲ.